ಟ್ಯಾಂಕಿನ ಗೇರ್‌ಬಾಕ್ಸ್‌ಗೆ ಎಷ್ಟು ಗ್ರೀಸ್ ಹಾಕಬೇಕು?

ಪ್ರಶ್ನೆ: ನನ್ನ 1/16 ಅಳತೆಯ ಆರ್‌ಸಿ ಟ್ಯಾಂಕ್ (ರಿಮೋಟಿನಿಂದ ಓಡುವ ಯುದ್ಧ ಟ್ಯಾಂಕಿನ ಮಾದರಿ) ಇತ್ತೀಚೆಗೆ ತುಂಬಾ ಸದ್ದು ಮಾಡುತ್ತಿದೆ. ಬಿಚ್ಚಿ ನೋಡಿದರೆ ಗೇರ್‌ಬಾಕ್ಸ್ ಒಳಗೆ ಗ್ರೀಸ್ ಅಷ್ಟೇನೂ ಕಾಣಲಿಲ್ಲ. ಯಾವ ಗ್ರೀಸ್ ತುಂಬಿಸಲಿ? ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?

ಉತ್ತರ: ತುಂಬಿಸಬೇಡಿ. ಹಲ್ಲುಗಳಿಗೆ ತೆಳುವಾಗಿ ಸವರಿ, ಬುಷ್‌ಗೆ (ಗೇರಿನ ಶಾಫ್ಟ್, ಅಂದರೆ ಕಂಬಿ, ತೂರಿರುವ ಸಣ್ಣ ಬಳೆಗೆ) ಒಂದು ಹನಿ ಎಣ್ಣೆ ಬಿಡಿ, ಮುಚ್ಚಿ. ಯಾವ ಗ್ರೀಸ್ ಅನ್ನೋದು ನಿಮ್ಮ ಗೇರ್ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಅನ್ನುವುದರ ಮೇಲಿದೆ. ಎಷ್ಟು ದಿನಕ್ಕೊಮ್ಮೆ ಅನ್ನೋದು ಟ್ಯಾಂಕ್ ಎಲ್ಲಿ ಓಡಿತು ಅನ್ನುವುದರ ಮೇಲಿದೆ. ಅವಸರ ಇರುವವರು ಓದು ಇಲ್ಲಿಗೇ ನಿಲ್ಲಿಸಬಹುದು.

ಆದರೆ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ನನಗೆ ಗೊತ್ತು. ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆ ಇನ್ನೊಬ್ಬರಿಂದ ಬರುತ್ತದೆ. ಜೊತೆಗೆ ಒಂದು ಫೋಟೋ. ಅದರಲ್ಲಿ ಗೇರ್ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಗ್ರೀಸ್. "ಇನ್ನೂ ಸ್ವಲ್ಪ ಹಾಕಲಾ?" ಅಂತ ಕೆಳಗೆ ಬರೆದಿರುತ್ತಾರೆ. ಹಾಗಾಗಿ ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನುವ ನಂಬಿಕೆ ಎಲ್ಲಿಂದ ಬಂತು ಅನ್ನೋದು ಅರ್ಥವಾಗುತ್ತದೆ. ಕಾರಿನ ಗೇರ್‌ಬಾಕ್ಸ್‌ನಲ್ಲಿ ಲೀಟರ್‌ಗಟ್ಟಲೆ ಎಣ್ಣೆ ಇರುತ್ತದೆ. ನಿಜವಾದ ಯುದ್ಧ ಟ್ಯಾಂಕಿನದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ದೊಡ್ಡದಕ್ಕೆ ಸರಿ ಹೋದದ್ದು ಚಿಕ್ಕದಕ್ಕೂ ಸರಿ ಹೋಗಬೇಕಲ್ವಾ? ಹೋಗುವುದಿಲ್ಲ. ಅಲ್ಲಿರುವುದು ಎಣ್ಣೆ, ಅದೂ ಸೀಲ್ ಮಾಡಿದ ಪೆಟ್ಟಿಗೆಯಲ್ಲಿ. ಗೇರ್ ಎರಚಿದ ಎಣ್ಣೆ ಗೋಡೆಯಿಂದ ಇಳಿದು ತಳಕ್ಕೆ ಬರುತ್ತದೆ, ಹಲ್ಲುಗಳು ಅದನ್ನು ಮತ್ತೆ ಎತ್ತಿಕೊಳ್ಳುತ್ತವೆ. ಓಡಾಡುತ್ತಾ ಬಿಸಿಯನ್ನೂ ಹೊರಗಿನ ಗೋಡೆಗೆ ದಾಟಿಸುತ್ತದೆ. ಗ್ರೀಸ್ ಹಾಗೆ ಹರಿದು ವಾಪಸ್ ಬರುವುದಿಲ್ಲ. ಎರಚಿದ ಜಾಗದಲ್ಲೇ ಕೂತುಬಿಡುತ್ತದೆ.

ಗ್ರೀಸ್ ಅಂದರೆ ಏನು ಅಂತ ಒಂದು ನಿಮಿಷ ನೋಡೋಣ. ಅದರಲ್ಲಿ ಬಹುಪಾಲು ಎಣ್ಣೆಯೇ. ಆ ಎಣ್ಣೆಯನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳಲು ಲಿಥಿಯಂ ಸೋಪಿನಂಥ ಒಂದು ದಪ್ಪಕಾರಿ ಇರುತ್ತದೆ. ಹಲ್ಲಿಗೂ ಹಲ್ಲಿಗೂ ನಡುವೆ ಕೆಲಸ ಮಾಡುವುದು ಎಣ್ಣೆ. ದಪ್ಪಕಾರಿಯ ಕೆಲಸ ಅದನ್ನು ಅಲ್ಲೇ ಉಳಿಸುವುದು. ಡಬ್ಬಿಯ ಮೇಲೆ ಎನ್‌ಎಲ್‌ಜಿಐ ಅಂತ ಒಂದು ಸಂಖ್ಯೆ ಇರುತ್ತದಲ್ಲ, ಅದು ಗಟ್ಟಿತನದ ಅಳತೆ. 000 ಅಂದರೆ ಹೆಚ್ಚುಕಡಿಮೆ ಹರಿಯುವಂಥದ್ದು, 6 ಅಂದರೆ ಗಟ್ಟಿ ಮುದ್ದೆ. ಗಾಡಿಗಳ ವೀಲ್ ಬೇರಿಂಗ್‌ಗೆ ಹಾಕುವುದು ಸಾಮಾನ್ಯವಾಗಿ 2. ನಮ್ಮ ಜನ ತಂದು ತುಂಬಿಸುವುದೂ ಅದನ್ನೇ.

ಈಗ ಒಳಗೆ ಏನಾಗುತ್ತದೆ ನೋಡಿ. ಈ ಅಳತೆಯ ಟ್ಯಾಂಕ್‌ಗಳಲ್ಲಿ ಹೆಚ್ಚಾಗಿ ಇರುವ 380 ಸೈಜಿನ ಮೋಟಾರ್ 7.2 ವೋಲ್ಟ್‌ನಲ್ಲಿ ನಿಮಿಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದರ ಮೂತಿಗೆ ಕೂತ ಚಿಕ್ಕ ಗೇರಿಗೂ, ಅಂದರೆ ಪಿನಿಯನ್ನಿಗೂ, ಅದೇ ವೇಗ. ಗಟ್ಟಿ ಗ್ರೀಸಿನ ಮುದ್ದೆಯಲ್ಲಿ ಅದು ಮೊದಲ ಕೆಲವು ಸೆಕೆಂಡ್‌ನಲ್ಲೇ ತನಗೆ ಬೇಕಾದಷ್ಟು ಜಾಗ ಕೊರೆದುಕೊಳ್ಳುತ್ತದೆ. ಅಲ್ಲಿದ್ದ ಗ್ರೀಸ್ ಗೋಡೆಗೆ ಹೋಗಿ ಅಂಟುತ್ತದೆ. ಮತ್ತೆ ವಾಪಸ್ ಬರುವುದಿಲ್ಲ. ನೀವು ಮುಚ್ಚಳ ತೆಗೆದು ನೋಡಿದಾಗ ಪೆಟ್ಟಿಗೆ ತುಂಬಾ ಗ್ರೀಸ್ ಇದೆ ಅನ್ನಿಸುತ್ತದೆ. ಪಿನಿಯನ್ ಹಲ್ಲಿನ ಮೇಲೆ ಒಂದು ಬಿಳಿ ಟಿಶ್ಯೂ ಒತ್ತಿ ನೋಡಿ. ಎಷ್ಟೋ ಸಲ ಕಲೆ ಸಹ ಸರಿಯಾಗಿ ಬೀಳುವುದಿಲ್ಲ. ಅತ್ತ ಕೊನೆಯ ದೊಡ್ಡ ಗೇರ್ ನಿಧಾನಕ್ಕೆ ತಿರುಗುವಂಥದ್ದು. ಅದು ಜಾಗ ಕೊರೆಯುವುದಿಲ್ಲ, ಗ್ರೀಸನ್ನು ಉಳುತ್ತಾ ಹೋಗುತ್ತದೆ. ಆ ಶ್ರಮವೆಲ್ಲ ಬ್ಯಾಟರಿಯಿಂದ ಬರಬೇಕು, ಮೋಟಾರ್ ಬಿಸಿಯಾಗಬೇಕು. ಅನುಮಾನ ಇದ್ದರೆ ಬ್ಯಾಟರಿ ಮತ್ತು ಮೋಟಾರ್ ನಡುವೆ ಕರೆಂಟ್ ಅಳೆಯುವ ಒಂದು ಆಮ್‌ಮೀಟರ್ ಹಾಕಿ. ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಕೊಂಡಿಗಳ ಪಟ್ಟಿ) ಬಿಚ್ಚಿ, ಬರೀ ಗೇರ್‌ಬಾಕ್ಸ್ ಓಡಿಸಿ. ತುಂಬಿಸುವ ಮೊದಲು ಒಮ್ಮೆ ಬರೆದುಕೊಳ್ಳಿ, ತುಂಬಿಸಿದ ಮೇಲೆ ಇನ್ನೊಮ್ಮೆ. ಆಮೇಲೆ ನನ್ನ ಜೊತೆ ಜಗಳ ಆಡಿ.

ಇನ್ನೊಂದು ವಿಷಯ. ಈ ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚಿನವು ನಿಜವಾಗಿ ಬಾಕ್ಸೇ ಅಲ್ಲ. ಎರಡು ತಗಡಿನ ನಡುವೆ ಸಾಲಾಗಿ ಕೂತ ಗೇರ್‌ಗಳು, ಅಷ್ಟೇ. ಸುತ್ತ ತೆರೆದೇ ಇರುತ್ತದೆ. ಅದು ಕೂತಿರುವುದು ಟ್ಯಾಂಕಿನ ಒಡಲಿನ ತಳದಲ್ಲಿ, ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಪಕ್ಕದಲ್ಲಿ. ಟ್ರ್ಯಾಕ್ ಎತ್ತಿ ತಂದ ಧೂಳು, ಮರಳು ಎಲ್ಲ ಮೊದಲು ಬರುವುದು ಅಲ್ಲಿಗೇ. ಅಲ್ಲಿ ಅಂಗೈ ತುಂಬ ಗ್ರೀಸ್ ಕಾಯುತ್ತಾ ಕೂತಿದ್ದರೆ ಅದೆಲ್ಲ ಅಂಟಿಕೊಳ್ಳುತ್ತದೆ. ಎಂಜಿನ್ ವಾಲ್ವ್ ಕೂರಿಸಲು ಮೆಕ್ಯಾನಿಕ್‌ಗಳು ಗ್ರೈಂಡಿಂಗ್ ಪೇಸ್ಟ್ ಬಳಸುತ್ತಾರೆ. ಅದೇನು ಅಂತೀರಿ? ಗ್ರೀಸಿನಲ್ಲಿ ಕಲಸಿದ ತರಿತರಿ ಪುಡಿ. ನೀವು ಅದನ್ನು ಮನೆಯಲ್ಲೇ ಪುಕ್ಕಟೆ ತಯಾರಿಸಿ ಗೇರಿಗೆ ತಿನ್ನಿಸುತ್ತಿದ್ದೀರಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಉತ್ತರ ಬರುತ್ತದೆ: "ಆದರೆ ಸರ್, ತುಂಬಿಸಿದ ಮೇಲೆ ಸದ್ದು ಕಡಿಮೆ ಆಯಿತಲ್ಲ!" ಆಗುತ್ತದೆ. ಸುಳ್ಳಲ್ಲ. ಗಟ್ಟಿ ಗ್ರೀಸ್ ಅದುರುವಿಕೆಯನ್ನು ತಡೆಯುತ್ತದೆ, ಸದ್ದು ಮಂಕಾಗುತ್ತದೆ. ಆದರೆ ಸದ್ದು ಬಂದದ್ದು ಯಾಕೆ? ಪಿನಿಯನ್ ಮುಂದಿನ ಗೇರಿಗೆ ತೀರಾ ಒತ್ತಿ ಕೂತಿರಬಹುದು. ಬುಷ್ ಸವೆದು ಶಾಫ್ಟ್ ಓಲಾಡುತ್ತಿರಬಹುದು. ಒಂದು ಹಲ್ಲು ಮುರಿದಿರಬಹುದು. ಗ್ರೀಸ್ ತುಂಬಿಸಿದರೆ ಇವು ಯಾವುವೂ ಸರಿಯಾಗುವುದಿಲ್ಲ, ನಿಮಗೆ ಕೇಳಿಸುವುದಿಲ್ಲ ಅಷ್ಟೇ. ಮುಂದೆ ಕೇಳಿಸುವುದು ಹಲ್ಲು ಕಿತ್ತುಕೊಂಡು ಹೋಗುವ ಸದ್ದು.

ಕೊನೆಗೆ, ಒಂದು ಟ್ಯಾಂಕಿಗೆ ಎರಡು ಗೇರ್‌ಬಾಕ್ಸ್ ಅನ್ನೋದನ್ನು ಮರೆಯಬೇಡಿ. ಎಡಕ್ಕೊಂದು, ಬಲಕ್ಕೊಂದು. ಎರಡರಲ್ಲೂ ಒಂದೇ ಅಳತೆಗೆ ಗ್ರೀಸ್ ತುಂಬಿಸಿದವರನ್ನು ನಾನಂತೂ ನೋಡಿಲ್ಲ. ಒಂದು ಕಡೆ ಎಳೆತ ಜಾಸ್ತಿಯಾದರೆ ಆ ಕಡೆಯ ಟ್ರ್ಯಾಕ್ ಹಿಂದೆ ಬೀಳುತ್ತದೆ, ಟ್ಯಾಂಕ್ ಅತ್ತಲೇ ವಾಲುತ್ತದೆ. ಆಮೇಲೆ ಅದನ್ನು ನೇರ ಮಾಡಲು ರಿಮೋಟಿನಲ್ಲಿ ಟ್ರಿಮ್ ಗುಂಡಿ ತಿರುಗಿಸುತ್ತಾ ಕೂರುತ್ತಾರೆ.

ಸರಿ, ಹಾಗಾದರೆ ಮಾಡಬೇಕಾದ್ದೇನು?

ಮೊದಲು ಹಳೆಯದನ್ನು ಪೂರ್ತಿ ತೆಗೆಯಿರಿ. ಎರಡು ಜಾತಿಯ ಗ್ರೀಸ್ ಬೆರೆಸಿದರೆ ಕೆಲವು ಸಲ ದಪ್ಪಕಾರಿಗಳು ಹೊಂದುವುದಿಲ್ಲ, ನೀರಾಗಿ ಸೋರುತ್ತವೆ. ಸ್ಟೀಲ್ ಗೇರ್ ಆದರೆ ಬಿಡಿಯಾಗಿ ತೆಗೆದು ಸೀಮೆಎಣ್ಣೆಯಲ್ಲಿ ಹಳೆ ಟೂತ್‌ಬ್ರಷ್ ಹಾಕಿ ತೊಳೆಯಿರಿ. ಪ್ಲಾಸ್ಟಿಕ್ ಆದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಆಮೇಲೆ ಚೆನ್ನಾಗಿ ಒಣಗಿಸಿ. ಥಿನ್ನರ್, ಪೆಟ್ರೋಲ್, ಬ್ರೇಕ್ ಕ್ಲೀನರ್ ಇವನ್ನು ಪ್ಲಾಸ್ಟಿಕ್ ಹತ್ತಿರ ಸುಳಿಯಲು ಬಿಡಬೇಡಿ. ಹೊಸ ಗೇರ್‌ಬಾಕ್ಸ್ ಆಗಿದ್ದರೆ ಮೊದಲ ಕೆಲವು ಬ್ಯಾಟರಿ ಓಡಿದ ಮೇಲೆ ಗ್ರೀಸ್ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಗೇರ್ ಪಳಗುವಾಗ ಉದುರಿದ ಲೋಹದ ಪುಡಿ ಅದು. ಅದನ್ನು ಒರೆಸಿ ತೆಗೆಯಲೇಬೇಕು. ಮೋಟಾರಿನ ಮೈಯಲ್ಲಿ ಗಾಳಿಗೆ ಅಂತ ಕಿಂಡಿಗಳಿರುತ್ತವೆ, ಒಳಗೆ ಅಯಸ್ಕಾಂತ ಇರುತ್ತದೆ. ಸ್ಟೀಲಿನ ಪುಡಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಒಂದು ಸಣ್ಣ ಬ್ಯಾಟರಿ ಟಾರ್ಚ್ ಹಿಡಿದು ಆ ಕಿಂಡಿಯ ಅಂಚು ನೋಡಿ. ಮೀಸೆ ಮೂಡಿದ ಹಾಗೆ ಕಪ್ಪಗೆ ನಿಂತಿರುತ್ತದೆ.

ಆಮೇಲೆ ಗ್ರೀಸ್. ಸ್ಟೀಲಿಗೆ ಸ್ಟೀಲ್ ಉಜ್ಜುವ ಕಡೆ ಲಿಥಿಯಂ ಗ್ರೀಸ್ ಸಾಕು. ಜಾಸ್ತಿ ಭಾರ ಬೀಳುವ ಕೊನೆಯ ಗೇರಿಗೆ ಮಾಲಿಬ್ಡಿನಂ ಇರುವ ಕಪ್ಪು ಗ್ರೀಸ್ ಹಾಕಿದರೂ ನಡೆಯುತ್ತದೆ. ಪಿನಿಯನ್ ಕಡೆಗೆ ಸ್ವಲ್ಪ ಮೆದು, 0 ಅಥವಾ 1 ನಂಬರಿನದು ಸಿಕ್ಕರೆ ಒಳ್ಳೇದು. ಪ್ಲಾಸ್ಟಿಕ್ ಗೇರಿಗೆ ಸಿಲಿಕೋನ್ ಗ್ರೀಸ್, ಅಥವಾ ಪ್ಲಾಸ್ಟಿಕ್ಕಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೇ ಬರೆದಿರುವಂಥದ್ದು. ಅದೇ ಸಿಲಿಕೋನ್ ಗ್ರೀಸನ್ನು ತಂದು ಸ್ಟೀಲ್ ಗೇರಿಗೆ ಹಚ್ಚಬೇಡಿ. ಭಾರ ಬಿದ್ದಾಗ ಲೋಹಗಳ ನಡುವೆ ಅದು ನಿಲ್ಲುವುದಿಲ್ಲ.

ಎಷ್ಟು? ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಳ್ಳಿ. ಗೇರನ್ನು ಕೈಯಿಂದ ತಿರುಗಿಸುತ್ತಾ ಹಲ್ಲುಗಳ ಮೇಲೆ ಸವರಿ. ಎರಡು ಸುತ್ತು ತಿರುಗಿಸಿದ ಮೇಲೆ ಹಲ್ಲು ಒದ್ದೆಯಾಗಿ ಹೊಳೆಯಬೇಕು. ಹಲ್ಲಿನ ಬುಡದಲ್ಲಿ ಸಣ್ಣ ಗೆರೆ ನಿಂತರೆ ಸಾಕು. ಗೇರಿನ ಪಕ್ಕಕ್ಕೆ ಉಕ್ಕಿ ಬಂದದ್ದನ್ನು ಒರೆಸಿಬಿಡಿ, ಅದು ಯಾವ ಕೆಲಸಕ್ಕೂ ಬರುವುದಿಲ್ಲ.

ಬುಷ್‌ಗಳ ಕಥೆ ಬೇರೆ. ಶಾಫ್ಟ್ ತೂರಿರುವ ಕಡೆ ಬಂಗಾರದ ಬಣ್ಣದ ಸಣ್ಣ ಬಳೆ ಇರುತ್ತದಲ್ಲ, ಅದು ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಕಂಚು. ಮೈತುಂಬ ಕಣ್ಣಿಗೆ ಕಾಣದ ತೂತುಗಳು, ಅವುಗಳಲ್ಲಿ ಎಣ್ಣೆ ನೆನೆದಿರುತ್ತದೆ. ಶಾಫ್ಟ್ ತಿರುಗಿದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತಾಗ ಒಳಗೆ ಹೋಗುತ್ತದೆ. ಅದಕ್ಕೆ ಗ್ರೀಸ್ ಮೆತ್ತಿದರೆ ತೂತು ಮುಚ್ಚುತ್ತದೆ. ಒಂದು ಹನಿ ತೆಳು ಮೆಷಿನ್ ಎಣ್ಣೆ ಸಾಕು. ಮೋಟಾರಿನ ಎರಡು ತುದಿಗೂ ಒಂದೊಂದು ಹನಿ. ಹಿಂದಿನ ತುದಿಯಲ್ಲಿ ಹನಿ ಜಾಸ್ತಿಯಾದರೆ ಎಣ್ಣೆ ಬ್ರಷ್‌ಗಳ (ಮೋಟಾರಿಗೆ ಕರೆಂಟ್ ದಾಟಿಸುವ ಕಾರ್ಬನ್ ತುಂಡುಗಳ) ಕಡೆ ಇಳಿದು ಕಾರ್ಬನ್ ಪುಡಿಯ ಜೊತೆ ಕೆಸರಾಗುತ್ತದೆ. ಹನಿ ಅಂದರೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು.

ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಬಹುದಾ ಅಂತ ಕೇಳುವವರಿಗೆ: ಅದು 1953ರಲ್ಲಿ ಲೋಹದಿಂದ ನೀರನ್ನು ಓಡಿಸಿ ತುಕ್ಕು ತಡೆಯಲು ಮಾಡಿದ್ದು. ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಇರುವ ಗ್ರೀಸನ್ನು ಕರಗಿಸುತ್ತದೆ, ಬುಷ್ ಒಳಗಿನ ಎಣ್ಣೆಯನ್ನೂ ತೊಳೆಯುತ್ತದೆ. ಬೇಡ.

ಎಷ್ಟು ದಿನಕ್ಕೊಮ್ಮೆ? ಮನೆಯೊಳಗೆ ನಯವಾದ ನೆಲದ ಮೇಲೆ ಓಡುವ ಟ್ಯಾಂಕಿಗೆ ಆಗಾಗ ಮುಚ್ಚಳ ತೆಗೆದು ನೋಡಿದರೆ ಸಾಕು. ಹಲ್ಲು ಒಣಗಿದ್ದರೆ ಸವರಿ. ಮರಳಿನಲ್ಲಿ ಓಡಿದರೆ ಅವತ್ತೇ ಬಿಚ್ಚಿ. ಕಾರ್ಪೆಟ್ ಮೇಲೆ ಓಡಿಸುವವರು ಸ್ಪ್ರಾಕೆಟ್ ಹಿಂದಿನ ಶಾಫ್ಟ್ ನೋಡಲೇಬೇಕು. ನೂಲು, ಕೂದಲು ಸುತ್ತಿ ಸುತ್ತಿ ಬಿಗಿದು ಉಂಗುರ ಕಟ್ಟಿರುತ್ತದೆ. ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಚಿಮಟದಲ್ಲಿ ಎಳೆಯಿರಿ. ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತ ಟ್ಯಾಂಕ್ ಆದರೆ ಗ್ರೀಸ್ ಮೇಣದ ಥರ ಗಟ್ಟಿಯಾಗಿರಬಹುದು. ಅದರ ಮೇಲೆ ಹೊಸದು ಹಚ್ಚದೆ, ಮೊದಲು ತೊಳೆಯಿರಿ.

ಪಿನಿಯನ್ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಮೋಟಾರ್ ಬಿಚ್ಚಿದರೆ ವಾಪಸ್ ಕೂರಿಸುವಾಗ ತೆಳು ಹಾಳೆಯ ಒಂದು ಪಟ್ಟಿಯನ್ನು ಪಿನಿಯನ್ ಮತ್ತು ಗೇರಿನ ನಡುವೆ ಸಿಕ್ಕಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಹಾಳೆಯನ್ನು ತಿರುಗಿಸಿ ಹೊರಗೆ ತೆಗೆಯಿರಿ. ಅದು ಬಿಟ್ಟ ಸಂದೇ ಬೇಕಾದ ಸಂದು. ಸ್ಕ್ರೂ ಸಡಿಲವಾಗದಿರಲಿ ಅಂತ ಥ್ರೆಡ್ ಲಾಕರ್ ಹಾಕುವುದಾದರೆ ಲೋಹಕ್ಕೆ ಲೋಹ ಇರುವ ಕಡೆ ಮಾತ್ರ. ಪ್ಲಾಸ್ಟಿಕ್ ಮೇಲೆ ಬಿದ್ದರೆ ಬಿರುಕು ಬಿಡುತ್ತದೆ.

ಇನ್ನು ನೀವು ಕೇಳದೇ ಇರುವ ಪ್ರಶ್ನೆ. ಟ್ರ್ಯಾಕ್ ಎಷ್ಟು ಬಿಗಿ ಇರಬೇಕು? ಗ್ರೀಸ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಇದನ್ನು ಯಾಕೆ ಕೇಳುವುದಿಲ್ಲವೋ ಗೊತ್ತಿಲ್ಲ. ಐಡ್ಲರ್ (ಟ್ರ್ಯಾಕಿನ ಇನ್ನೊಂದು ತುದಿಯ ಚಕ್ರ) ಎಳೆದು ಟ್ರ್ಯಾಕನ್ನು ತಂತಿಯಂತೆ ಬಿಗಿದರೆ ಆ ಎಳೆತ ಹಗಲೂ ರಾತ್ರಿ ಗೇರ್‌ಬಾಕ್ಸಿನ ಕೊನೆಯ ಶಾಫ್ಟಿನ ಮೇಲೆ ಇರುತ್ತದೆ. ಟ್ಯಾಂಕ್ ಶೆಲ್ಫಿನಲ್ಲಿ ನಿಂತಿದ್ದರೂ ಸರಿ. ಬುಷ್ ಒಂದೇ ಪಕ್ಕಕ್ಕೆ ಸವೆದು ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ, ಶಾಫ್ಟ್ ವಾಲುತ್ತದೆ, ಕೊನೆಯ ಎರಡು ಗೇರ್ ಹಲ್ಲಿನ ತುದಿಯಲ್ಲಷ್ಟೇ ಹಿಡಿದುಕೊಳ್ಳುತ್ತವೆ. ಆಗ ಬರುವ ಕಟಕಟ ಸದ್ದಿಗೇ ಜನ ಗ್ರೀಸ್ ತುಂಬಿಸುವುದು.

ನಿಮ್ಮ ಟ್ಯಾಂಕಿನ ಸದ್ದೂ ಅದೇನಾ ಅಂತ ನೋಡಲು ಸ್ಪ್ರಾಕೆಟನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸಬೇಡಿ, ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಸಹಜ. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಬುಷ್ ಹೋಗಿದೆ. ಅಳತೆ ನೋಡಿ ಬಾಲ್ ಬೇರಿಂಗ್ ಹಾಕಿಬಿಡಿ. ಟ್ರ್ಯಾಕನ್ನು ಒಂದು ಕೊಂಡಿ ಸಡಿಲ ಬಿಡಿ. ಮೇಲುಭಾಗ ಸ್ವಲ್ಪ ಜೋತುಬೀಳಲಿ. ತಿರುಗುವಾಗ ಕಳಚದಿದ್ದರೆ ಅಷ್ಟು ಬಿಗಿ ಸಾಕು. ಪ್ಲಾಸ್ಟಿಕ್ ಗೇರ್ ಇರುವ ಟ್ಯಾಂಕಿಗೆ ಲೋಹದ ಟ್ರ್ಯಾಕ್ ಹಾಕುವ ಯೋಚನೆ ಇದ್ದರೆ ಮೊದಲು ಸ್ಟೀಲ್ ಗೇರ್‌ಬಾಕ್ಸ್ ಹಾಕಿಸಿ, ಟ್ರ್ಯಾಕ್ ಆಮೇಲೆ. ನಿಂತಲ್ಲೇ ಗಿರ್ರನೆ ತಿರುಗಿಸುವಾಗ ಆ ತೂಕವನ್ನೆಲ್ಲ ಎಳೆಯಬೇಕಾದ್ದು ಪ್ಲಾಸ್ಟಿಕ್ಕಿನ ಆ ನಾಲ್ಕು ಹಲ್ಲು. ಅದನ್ನು ತಡೆದುಕೊಳ್ಳುವ ಗ್ರೀಸ್ ಇನ್ನೂ ಯಾರೂ ಮಾಡಿಲ್ಲ.