ವಿಮಾನದ ದರ ಸೀಟಿಗಲ್ಲ, ಅಕ್ಷರಕ್ಕೆ

ಟಿಕೆಟ್ ಬುಕಿಂಗ್ ವೃತ್ತಿಯಲ್ಲಿರುವ ನನ್ನನ್ನು ಜನ ಅತಿ ಹೆಚ್ಚು ಕೇಳುವುದು, ಯಾವ ವಾರ, ಎಷ್ಟು ಹೊತ್ತಿಗೆ ಬುಕ್ ಮಾಡಿದರೆ ದರ ಕಡಿಮೆ ಎಂದು. ಅಂಥ ಮುಹೂರ್ತ ಯಾವುದೂ ಇಲ್ಲ. ಅದನ್ನು ಹುಡುಕುವ ಶ್ರಮದ ಕಾಲು ಭಾಗವನ್ನು ದರ ಹೇಗೆ ಏರಿಳಿಯುತ್ತದೆ ಎಂದು ತಿಳಿಯಲು ಹಾಕಿದರೆ ಹೆಚ್ಚು ಹಣ ಉಳಿಯುತ್ತದೆ.

ಒಂದೇ ಎಕಾನಮಿ ಕ್ಯಾಬಿನ್‌ನ ಸೀಟುಗಳನ್ನು ವಿಮಾನಯಾನ ಸಂಸ್ಥೆಗಳು ಹಲವು ಬುಕಿಂಗ್ ಕ್ಲಾಸ್‌ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವೈ, ಎಂ, ಕ್ಯೂ ಎಂಬಂತೆ ಒಂದೊಂದು ಇಂಗ್ಲಿಷ್ ಅಕ್ಷರ ಕೊಡುತ್ತವೆ. ಸೀಟು ಅದೇ, ಕಿಟಕಿಯೂ ಅದೇ. ಆದರೆ ಅಕ್ಷರ ಬದಲಾದರೆ ದರ, ರದ್ದತಿಯ ಶುಲ್ಕ, ದಿನಾಂಕ ಬದಲಿಸುವ ಅವಕಾಶ ಎಲ್ಲವೂ ಬದಲಾಗುತ್ತವೆ. ಅಮೆರಿಕದಲ್ಲಿ 1978ರ ಕಾಯ್ದೆಯು ದರ ನಿಗದಿಯನ್ನು ಸರ್ಕಾರದ ಹಿಡಿತದಿಂದ ಬಿಡಿಸಿದ ಮೇಲೆ ಈ ಲೆಕ್ಕಾಚಾರ ಬೆಳೆಯಿತು. ಪೀಪಲ್ ಎಕ್ಸ್‌ಪ್ರೆಸ್ ಎಂಬ ವಿಮಾನಯಾನ ಸಂಸ್ಥೆಯ ಅಗ್ಗದ ಟಿಕೆಟ್‌ಗಳನ್ನು ಎದುರಿಸಲು ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ, ಮುಂಚಿತವಾಗಿ ಕೊಳ್ಳುವವರಿಗೆ ಕೆಲವೇ ಸೀಟುಗಳನ್ನು ಕಡಿಮೆ ದರಕ್ಕೆ ಕೊಟ್ಟು, ಉಳಿದವನ್ನು ಕೊನೆ ಗಳಿಗೆಯ ಪ್ರಯಾಣಿಕರಿಗೆಂದು ಕಾಯ್ದಿಟ್ಟಿತು. ಈಗ ಅದೇ ಕೆಲಸವನ್ನು ಕಂಪ್ಯೂಟರ್ ಹಗಲಿರುಳು ಮಾಡುತ್ತದೆ: ಬೇಡಿಕೆ ಕಂಡಾಗ ಕಡಿಮೆ ದರದ ಕೆಳಗಿನ ಕ್ಲಾಸ್‌ಗಳನ್ನು ಮುಚ್ಚುತ್ತದೆ, ಸೀಟು ಉಳಿಯುವ ಲಕ್ಷಣ ಕಂಡರೆ ಮತ್ತೆ ತೆರೆಯುತ್ತದೆ.

ಇದನ್ನು ತಿಳಿದವರಿಗೆ ತಕ್ಷಣ ಉಪಯೋಗಕ್ಕೆ ಬರುವ ಒಂದು ವಿಷಯವಿದೆ. ಒಮ್ಮೆ ನಾಲ್ವರ ಕುಟುಂಬವೊಂದಕ್ಕೆ ಟಿಕೆಟ್ ನೋಡುತ್ತಿದ್ದಾಗ ನಾಲ್ಕೂ ಸೀಟುಗಳಿಗೆ ದುಬಾರಿ ದರವೇ ಕಾಣಿಸಿತು. ಒಬ್ಬರಿಗೆಂದು ಹುಡುಕಿದೆ, ದರ ಇಳಿಯಿತು; ಇಬ್ಬರಿಗೆಂದು ಹುಡುಕಿದೆ, ಆಗಲೂ ಅದೇ ಕಡಿಮೆ ದರ; ಮೂವರೆಂದ ಕೂಡಲೇ ಏರಿತು. ಕೆಳಗಿನ ಕ್ಲಾಸ್‌ನಲ್ಲಿ ಉಳಿದಿದ್ದದ್ದು ಎರಡೇ ಸೀಟು. ಒಟ್ಟಿಗೆ ಕೇಳಿದಾಗ ನಾಲ್ವರಿಗೂ ಒಂದೇ ಕ್ಲಾಸ್‌ನಲ್ಲಿ ಜಾಗ ಬೇಕಾಗುವುದರಿಂದ ವ್ಯವಸ್ಥೆಯು ಎಲ್ಲರನ್ನೂ ಮೇಲಿನ ಕ್ಲಾಸ್‌ಗೆ ಒಯ್ದಿತ್ತು. ಇಬ್ಬಿಬ್ಬರಂತೆ ಎರಡು ಬುಕಿಂಗ್ ಮಾಡಿದ್ದರಿಂದ ಇಬ್ಬರ ದರದಲ್ಲಿ ಉಳಿತಾಯವಾಯಿತು. ಆದರೆ ಪಿಎನ್‌ಆರ್ ಎರಡಾಗುತ್ತವೆ; ವಿಮಾನ ರದ್ದಾದರೆ ಎರಡು ಗುಂಪುಗಳಿಗೆ ಬೇರೆ ಬೇರೆ ವಿಮಾನ ಸಿಗಬಹುದು. ಆದ್ದರಿಂದ ಒಬ್ಬೊಬ್ಬ ಮಗುವಿನ ಜೊತೆಗೂ ದೊಡ್ಡವರೊಬ್ಬರ ಹೆಸರು ಅದೇ ಪಿಎನ್‌ಆರ್‌ನಲ್ಲಿ ಇರಲೇಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ.

ಇನ್ನು ಹುಡುಕುವ ಜಾಗದ ಮಾತು. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್, ಕಯಾಕ್‌ನಂಥ ತಾಣಗಳು ಮುಖ್ಯವಾಗಿ ದರ ಹೋಲಿಸಿ ತೋರಿಸುತ್ತವೆ. ಮಾರುವವರು ಸಾಮಾನ್ಯವಾಗಿ ಬೇರೆಯವರು. ಅವು ಕೆಲವೊಮ್ಮೆ ಸ್ವಲ್ಪ ಹೊತ್ತಿನ ಹಿಂದೆ ಸಂಗ್ರಹಿಸಿದ ದರವನ್ನೇ ತೋರಿಸುವುದರಿಂದ ಕ್ಲಿಕ್ ಮಾಡಿದಾಗ ಮೊತ್ತ ಹೆಚ್ಚಿರಬಹುದು. ತಾನು ಪದೇಪದೇ ಹುಡುಕಿದ್ದಕ್ಕೇ ದರ ಏರಿತು ಎಂದು ಭಾವಿಸಿ ಬ್ರೌಸರ್‌ನ ಕುಕೀಸ್ ಅಳಿಸುತ್ತ ಕೂರುವವರನ್ನು ಕಂಡಿದ್ದೇನೆ. ನಾನು ಪರಿಶೀಲಿಸಿದ ಪ್ರಕರಣಗಳಲ್ಲಿ ಕಾರಣ ಅದಾಗಿರಲಿಲ್ಲ. ಹಳೆಯ ದರವೋ, ಮುಚ್ಚಿಹೋದ ಕ್ಲಾಸೋ ಆಗಿತ್ತು. ಈ ತಾಣಗಳಲ್ಲಿ ನಿಜವಾಗಿ ಬೆಲೆಬಾಳುವುದು ಇಡೀ ತಿಂಗಳ ದರವನ್ನು ಒಟ್ಟಿಗೆ ತೋರಿಸುವ ಕ್ಯಾಲೆಂಡರ್. ಹೊರಡುವ ದಿನವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಲು, ಅಥವಾ ಹತ್ತಿರದ ಇನ್ನೊಂದು ವಿಮಾನ ನಿಲ್ದಾಣಕ್ಕೆ ಇಳಿಯಲು ಒಪ್ಪುವವರಿಗೆ ಸಿಗುವಷ್ಟು ಉಳಿತಾಯ ಯಾವ ಕೂಪನ್‌ನಿಂದಲೂ ಸಿಗುವುದನ್ನು ನಾನು ನೋಡಿಲ್ಲ. ಲಗೇಜ್, ಸೀಟಿನ ಆಯ್ಕೆ, ಕಾರ್ಡ್ ಶುಲ್ಕ ಸೇರಿಸಿದ ಮೇಲಿನ ಒಟ್ಟು ಮೊತ್ತವನ್ನೇ ಹೋಲಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹುಡುಕುವುದು ಎಲ್ಲಿಯಾದರೂ ಸರಿ, ಕೊಳ್ಳುವುದನ್ನು ಮಾತ್ರ ಸಾಧ್ಯವಾದಷ್ಟೂ ವಿಮಾನಯಾನ ಸಂಸ್ಥೆಯ ಸ್ವಂತ ತಾಣದಲ್ಲೇ ಮಾಡಿ ಎನ್ನುತ್ತೇನೆ. ನಾನೂ ಟಿಕೆಟ್ ಮಾರುವವನೇ ಆಗಿದ್ದು ಹೀಗೆ ಹೇಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಪ್ರಯಾಣ ಕೆಟ್ಟ ದಿನ ಸಂಸ್ಥೆಯವರು ಏಜೆಂಟರನ್ನು ಕೇಳಿ ಎಂದೂ, ಮುಖವೇ ಕಾಣದ ಆನ್‌ಲೈನ್ ಏಜೆಂಟರು ಸಂಸ್ಥೆಯನ್ನು ಕೇಳಿ ಎಂದೂ ಹೇಳಿ, ನಡುವೆ ಸಿಕ್ಕಿಕೊಂಡವರ ಫೋನ್ ಕರೆಗಳು ನನಗೆ ಬರುತ್ತಲೇ ಇರುತ್ತವೆ. ಅಲ್ಪಸ್ವಲ್ಪ ವ್ಯತ್ಯಾಸಕ್ಕಾಗಿ ಆ ತೊಂದರೆ ಕಟ್ಟಿಕೊಳ್ಳಬಾರದು.

ಅತಿ ಅಗ್ಗವಾಗಿ ಕಾಣುವ ದೂರಪ್ರಯಾಣದ ದರವನ್ನು ಮಾತ್ರ ಎರಡೆರಡು ಸಲ ಓದಿ. ಅದು ಒಂದೇ ಟಿಕೆಟ್ ಆಗಿರದೆ, ಪರಸ್ಪರ ಸಂಬಂಧವಿಲ್ಲದ ಎರಡು ಸಂಸ್ಥೆಗಳ ಎರಡು ಟಿಕೆಟ್‌ಗಳ ಜೋಡಣೆಯಾಗಿರಬಹುದು. ಒಂದೇ ಟಿಕೆಟ್ ಇದ್ದು ಮೊದಲ ವಿಮಾನ ತಡವಾದರೆ, ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು. ಟಿಕೆಟ್ ಎರಡಾದರೆ ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನೀವು ಬಾರದೇ ಉಳಿದವರು. ಕೆಲಸಕ್ಕೆ ಸೇರಲು ಹೊರಟಿದ್ದ ಯುವಕನೊಬ್ಬ ಹೀಗೆಯೇ ಮೂರು ಗಂಟೆಯ ಅಂತರವಿಟ್ಟು ಬುಕ್ ಮಾಡಿದ್ದ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ವಲಸೆ ತಪಾಸಣೆ ಮುಗಿಸಿ, ಲಗೇಜ್ ಪಡೆದು, ಮತ್ತೆ ಚೆಕ್-ಇನ್ ಕೌಂಟರ್ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಆ ರಾತ್ರಿಯೇ ಅವನು ಕೊಂಡ ಹೊಸ ಟಿಕೆಟ್, ಮೊದಲಿನ ಎರಡೂ ಟಿಕೆಟ್‌ಗಳ ಮೊತ್ತವನ್ನು ಮೀರಿತು. ನಡುವಿನ ದೇಶದ ವೀಸಾ ಅವನಿಗೆ ಬೇಕಿರಲಿಲ್ಲ. ಬೇಕಿದ್ದರೆ ಲಗೇಜ್ ಪಡೆಯಲೂ ಹೊರಗೆ ಬರಲಾಗುತ್ತಿರಲಿಲ್ಲ. ದರ ಕಡಿಮೆಯೆಂದು ಮುಂದಿನ ಊರಿನವರೆಗೆ ಟಿಕೆಟ್ ಕೊಂಡು ನಡುವೆಯೇ ಇಳಿದುಬಿಡುವ ಉಪಾಯವನ್ನೂ ನಾನು ಯಾರಿಗೂ ಹೇಳುವುದಿಲ್ಲ: ಚೆಕ್-ಇನ್ ಮಾಡಿದ ಲಗೇಜ್ ಕೊನೆಯ ಊರಿಗೆ ಹೋಗುತ್ತದೆ, ಉಳಿದ ಪ್ರಯಾಣವೂ ಅಲ್ಲಿಗೇ ರದ್ದಾಗುತ್ತದೆ.

ಬುಕಿಂಗ್ ಆದ ಮೇಲೂ ಒಂದು ಸಣ್ಣ ಅವಕಾಶ ಉಳಿದಿರುತ್ತದೆ. ಅಮೆರಿಕಕ್ಕೆ ಅಥವಾ ಅಲ್ಲಿಂದ ಹಾರುವ ವಿಮಾನಗಳಲ್ಲಿ, ಹೊರಡಲು ಕನಿಷ್ಠ 7 ದಿನ ಇರುವಾಗ ಸಂಸ್ಥೆಯಿಂದಲೇ ಟಿಕೆಟ್ ಪಡೆದರೆ, ಸಂಸ್ಥೆಯು ಒಂದೋ ಹಣ ಕಟ್ಟಿಸಿಕೊಳ್ಳದೆ 24 ಗಂಟೆ ಆ ದರವನ್ನು ಹಿಡಿದಿಡಬೇಕು, ಇಲ್ಲವೇ 24 ಗಂಟೆಯೊಳಗೆ ರದ್ದು ಮಾಡಿದವರಿಗೆ ಪೂರ್ತಿ ಹಣ ಹಿಂದಿರುಗಿಸಬೇಕು ಎಂಬ ನಿಯಮವಿದೆ. ಬೇರೆಡೆಯೂ ಕೆಲವು ಸಂಸ್ಥೆಗಳು ಇಂಥ ಸೌಲಭ್ಯ ಕೊಡುತ್ತವೆ. ಹಣ ಕಟ್ಟುವ ಮುನ್ನವೇ ಷರತ್ತು ಓದಿಕೊಳ್ಳಬೇಕು. ಆ ಅವಧಿಯಲ್ಲಿ ನಾನು ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಟಿಕೆಟ್‌ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸುತ್ತೇನೆ, ಆಮೇಲೆ ದರ ಇಳಿದಿದೆಯೇ ಎಂದು ಅದೇ ವಿಮಾನವನ್ನು ಒಬ್ಬರಿಗೆಂದು ಇನ್ನೊಮ್ಮೆ ಹುಡುಕಿ ನೋಡುತ್ತೇನೆ.