‘ಗೋ’ ಹೋಗಿ ‘ವೆಂಟ್’ ಬಂದದ್ದು ಹೇಗೆ?

ನನ್ನ ತಂಗಿಯ ಮಗಳಿಗೆ ನಾಲ್ಕು ವರ್ಷ. ಮೊನ್ನೆ ‘ಅಮ್ಮಾ ಗೋಡ್ ಟು ಆಫೀಸ್’ ಅಂದಳು. ಅವಳಪ್ಪನಿಗೆ ಗಾಬರಿ. ಮೂರು ವರ್ಷದವಳಿದ್ದಾಗ ಸರಿಯಾಗಿ ‘ವೆಂಟ್’ ಅನ್ನುತ್ತಿದ್ದವಳು, ಸ್ಕೂಲಿಗೆ ಇಷ್ಟು ಫೀಸು ಕಟ್ಟಿದ ಮೇಲೆ ಹೀಗಾದಳಲ್ಲ ಅಂತ. ನನಗೆ ಮಾತ್ರ ಖುಷಿಯಾಯಿತು. ಆಗ ಅವಳದ್ದು ಬರೀ ಗಿಳಿಪಾಠ. ಈಗ ‘ಆಗಿಹೋದದ್ದಕ್ಕೆ ಕೊನೆಯಲ್ಲಿ ಡ್ ಹಚ್ಚಬೇಕು’ ಅನ್ನುವ ಸೂತ್ರವನ್ನು ತಾನಾಗಿ ಕಂಡುಕೊಂಡಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

1958ರಲ್ಲಿ ಜೀನ್ ಬರ್ಕೋ ಎಂಬ ಅಮೆರಿಕದ ಸಂಶೋಧಕಿ ಪುಟ್ಟ ಮಕ್ಕಳಿಗೆ ಚಿತ್ರ ತೋರಿಸಿ, ‘ಗ್ಲಿಂಗ್’ ಅಂತ ಇಲ್ಲದ ಕ್ರಿಯಾಪದವೊಂದನ್ನು ಹೇಳಿ, ನಿನ್ನೆ ಇವನು ಏನು ಮಾಡಿದ ಅಂತ ಕೇಳಿದರು. ಹೆಚ್ಚಿನ ಮಕ್ಕಳು ‘ಗ್ಲಿಂಗ್ಡ್’ ಅಂದವು. ಹುಟ್ಟಿದಂದಿನಿಂದ ಕೇಳಿರದ ಪದ ಅದು! ಅಂದರೆ ಸೂತ್ರ ತಲೆಯೊಳಗೆ ಕೂತಿತ್ತು. ನಮ್ಮ ಹುಡುಗಿ ಕನ್ನಡದಲ್ಲೂ ಬಿಟ್ಟಿಲ್ಲ. ‘ಅಜ್ಜಿ ಲಡ್ಡು ಕೊಡಿದ್ಳು’ ಅನ್ನುತ್ತಿದ್ದಳು. ನೋಡು–ನೋಡಿದಳು ಆದರೆ ಕೊಡು–ಕೊಡಿದಳು ಯಾಕಾಗಬಾರದು ಹೇಳಿ?

ಇದನ್ನು ಕೇಳಬೇಕಾದವರು ಬೇರೆ ಇದ್ದಾರೆ. ಇಂಗ್ಲಿಷಿಗೆ ತಲೆಬುಡ ಇಲ್ಲ, ಕನ್ನಡ ಮಾತ್ರ ಪಕ್ಕಾ ಲೆಕ್ಕಾಚಾರದ ವೈಜ್ಞಾನಿಕ ಭಾಷೆ ಅಂತ ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಕಳಿಸುವವರು. ಸ್ವಾಮಿ, ನಗು–ನಕ್ಕ, ಅಳು–ಅತ್ತ, ಬೀಳು–ಬಿದ್ದ, ಏಳು–ಎದ್ದ, ಬರು–ಬಂದ, ಸಾಯು–ಸತ್ತ. ಇದರಲ್ಲಿ ಯಾವ ಲೆಕ್ಕ ಕಾಣಿಸಿತು ನಿಮಗೆ? ನಾವು ಇದರಲ್ಲೇ ಬೆಳೆದದ್ದಕ್ಕೆ ಡೊಂಕು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಆದರೂ ‘ವೆಂಟ್’ ಸ್ವಲ್ಪ ಜಾಸ್ತಿಯೇ ಡೊಂಕು. ನಕ್ಕ ಅನ್ನುವುದರಲ್ಲಿ ನಗುವಿನ ‘ನ’ ಆದರೂ ಉಳಿದಿದೆ. ಗೋ–ವೆಂಟ್‌ನಲ್ಲಿ ಒಂದು ಅಕ್ಷರವೂ ಹೊಂದುವುದಿಲ್ಲ. ಕಾರಣ ಸರಳ: ಅದು ಬೇರೆ ಮನೆಯಿಂದ ಬಂದದ್ದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಹೋದ’ ಅನ್ನಲು ‘ಏಓಡೆ’ ಅನ್ನುತ್ತಿದ್ದರು (ಅದೂ ‘ಗೋ’ದ ಸಂಬಂಧಿಯಲ್ಲ, ಅದೂ ಹೊರಗಿನದೇ!). ಪಕ್ಕದಲ್ಲಿ ‘ವೆಂಡ್’ ಅಂತ ಇನ್ನೊಂದು ಕ್ರಿಯಾಪದ ಇತ್ತು. ಅರ್ಥ ತಿರುಗು. ಸೆಂಡ್–ಸೆಂಟ್, ಬೆಂಡ್–ಬೆಂಟ್ ಇದ್ದ ಹಾಗೆ ವೆಂಡ್–ವೆಂಟ್. ತಿರುಗುವುದು ಹೋಗುವುದು ಹೇಗಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಚಕ್ರವೂ ತಿರುಗುತ್ತದೆ, ‘ಊರೆಲ್ಲ ತಿರುಗಿ ಬಂದ’ ಅಂತಲೂ ನಾವೇ ಹೇಳುತ್ತೇವೆ. ‘ಏಓಡೆ’ ಬಳಕೆ ತಪ್ಪಿತು, ಖಾಲಿ ಕುರ್ಚಿಯಲ್ಲಿ ‘ವೆಂಟ್’ ಬಂದು ಕೂತಿತು. ಪಾಪ ‘ವೆಂಡ್’, ತನ್ನದನ್ನು ಕಳೆದುಕೊಂಡು ಈಗ ‘ವೆಂಡೆಡ್’ ಅಂತ ಹೊಸದು ಹಚ್ಚಿಕೊಂಡಿದೆ.

ಇದೇನು ಇಂಗ್ಲಿಷಿಗೆ ಮಾತ್ರ ಬಂದ ರೋಗವಲ್ಲ. ಹಿಂದಿಯ ‘ಜಾನಾ’ ಹಿಂದಕ್ಕೆ ಹೋದರೆ ‘ಗಯಾ’ ಆಗುತ್ತದೆ. ಒಂದು ಸಂಸ್ಕೃತದ ‘ಯಾ’ ಧಾತುವಿನಿಂದ, ಇನ್ನೊಂದು ‘ಗಮ್’ ಧಾತುವಿನಿಂದ. ಸ್ಪ್ಯಾನಿಷ್‌ನಲ್ಲಿ ‘ಫುಯಿ’ ಅಂದರೆ ‘ನಾನು ಹೋದೆ’ ಅಂತಲೂ ಹೌದು, ‘ನಾನಾಗಿದ್ದೆ’ ಅಂತಲೂ ಹೌದು.

ಸರಿ, ಇಷ್ಟು ಡೊಂಕು ಇಷ್ಟು ಶತಮಾನ ಉಳಿದದ್ದು ಹೇಗೆ? ಮಜಾ ಇರುವುದು ಇಲ್ಲೇ. ನಿಮ್ಮ ಒಗ್ಗರಣೆ ಡಬ್ಬಿ ನೆನಪಿಸಿಕೊಳ್ಳಿ. ಸಾಸಿವೆ, ಜೀರಿಗೆಗೆ ಚೀಟಿ ಅಂಟಿಸುವುದಿಲ್ಲ, ಕತ್ತಲಲ್ಲೂ ಕೈ ತಾನಾಗಿ ಹೋಗುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಅಟ್ಟದ ಮೇಲಿನ ಡಬ್ಬಕ್ಕೆ ಮಾತ್ರ ಚೀಟಿ ಬೇಕು. ಅಥವಾ ಹೀಗೆ ನೋಡಿ: ಮನೆಯವನನ್ನು ‘ಪುಟ್ಟ’ ಅಂತ ಕರೆದರೆ ಸಾಕು, ದೂರದ ನೆಂಟರಿಗೆ ಪೂರ್ತಿ ಹೆಸರು, ಊರು ಎಲ್ಲ ಬೇಕು. ಇನ್ನೊಂದೇ ಒಂದು ಉದಾಹರಣೆ, ಬೈಕೋಬೇಡಿ. ಗದ್ದೆಯ ಅಡ್ಡದಾರಿ ಎಷ್ಟೇ ವಕ್ರವಾಗಿರಲಿ, ದಿನಾ ಜನ ನಡೆದರೆ ಹುಲ್ಲು ಬೆಳೆಯುವುದಿಲ್ಲ. ನಡೆಯುವುದು ನಿಂತರೆ ದಾರಿ ಮುಚ್ಚಿಹೋಗುತ್ತದೆ, ಆಮೇಲೆ ಎಲ್ಲರೂ ನೇರ ರಸ್ತೆಯಲ್ಲೇ ಹೋಗಬೇಕು. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಕ್ರಿಯಾಪದ ತನ್ನ ಡೊಂಕಿನೊಂದಿಗೇ ನೆನಪಿನಲ್ಲಿ ಉಳಿಯುತ್ತದೆ. ಅಪರೂಪದ್ದು ನೆನಪಾಗದೆ ನಾಲಿಗೆ ಸೂತ್ರ ಹಚ್ಚಿಬಿಡುತ್ತದೆ.

2007ರಲ್ಲಿ ಹಾರ್ವರ್ಡ್‌ನ ಎರೆಜ್ ಲೀಬರ್ಮನ್, ಜೀನ್-ಬ್ಯಾಪ್ಟಿಸ್ಟ್ ಮಿಶೆಲ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ಲೆಕ್ಕವನ್ನೇ ಕೊಟ್ಟರು. ಹಳೆಯ ಇಂಗ್ಲಿಷಿನ 177 ಡೊಂಕು ಕ್ರಿಯಾಪದಗಳ ಬೆನ್ನು ಹತ್ತಿದರು. ನಡುಗಾಲದ ಇಂಗ್ಲಿಷಿಗೆ ಬರುವಷ್ಟರಲ್ಲಿ 145 ಉಳಿದಿದ್ದವು, ಈಗ 98. ಮಿಕ್ಕವು ಸೂತ್ರಕ್ಕೆ ಬಿದ್ದು ನೆಟ್ಟಗಾಗಿವೆ. ‘ಹೆಲ್ಪ್’ ಹಿಂದೆ ‘ಹೋಲ್ಪ್’ ಆಗುತ್ತಿತ್ತು, ಈಗ ‘ಹೆಲ್ಪ್ಡ್’. ಬಳಕೆ ನೂರು ಪಟ್ಟು ಕಡಿಮೆಯಿದ್ದರೆ ನೆಟ್ಟಗಾಗುವ ವೇಗ ಹತ್ತು ಪಟ್ಟು ಜಾಸ್ತಿ. ವಿಕಿರಣ ವಸ್ತುವಿಗೆ ಇರುವ ಹಾಗೆ ಪದಗಳಿಗೂ ಅರ್ಧಾಯುಷ್ಯ, ಅಂದರೆ ಅಂಥವುಗಳಲ್ಲಿ ಅರ್ಧದಷ್ಟು ನೆಟ್ಟಗಾಗಲು ಹಿಡಿಯುವ ಕಾಲ! ‘ಡ್ರಿಂಕ್’ ಥರದ್ದಕ್ಕೆ 5,400 ವರ್ಷ, ‘ಬಿ’, ‘ಹ್ಯಾವ್’ ಥರದ್ದಕ್ಕೆ 38,800 ವರ್ಷ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಸುವ ಹತ್ತು ಕ್ರಿಯಾಪದಗಳೂ ಡೊಂಕೇ, ‘ಗೋ’ ಅದರಲ್ಲೊಂದು. ಅಪವಾದ ಇಲ್ಲ ಅಂತಲ್ಲ. ಅಮೆರಿಕದವರು ನೆಟ್ಟಗಿದ್ದ ‘ಸ್ನೀಕ್ಡ್’ ಅನ್ನು ‘ಸ್ನಕ್’ ಮಾಡಿ ಡೊಂಕಾಗಿಸಿದ್ದಾರೆ.

‘ಹೋಗು’ ಇಷ್ಟು ಬಳಕೆಯಾಗುವುದು ಕಾಲಿಗೆ ಮಾತ್ರ ಸೇರಿದ ಪದ ಅಲ್ಲದ್ದರಿಂದ. ಕರೆಂಟ್ ಹೋಗುತ್ತದೆ, ಮಾನ ಹೋಗುತ್ತದೆ, ಮರೆತುಹೋಗುತ್ತದೆ, ಜೀವವೂ ಹೋಗುತ್ತದೆ. ಆ ಕೊನೆಯದಕ್ಕೆ ಹೆದರಿಯೇ ನಮ್ಮಜ್ಜಿ ‘ಹೋಗ್ತೀನಿ ಅನ್ಬೇಡ, ಹೋಗಿ ಬರ್ತೀನಿ ಅನ್ನು’ ಅಂತ ಗದರುತ್ತಿದ್ದರು. ಪದಕ್ಕೆ ಜೀವ ತೆಗೆಯುವ ಶಕ್ತಿ ಖಂಡಿತ ಇಲ್ಲ. ಆದರೆ ಆ ಭಯದಿಂದಲೇ ನಾವು ಇಂಗ್ಲಿಷಿನಲ್ಲೂ ‘ಐ ವಿಲ್ ಗೋ ಅಂಡ್ ಕಮ್’ ಅನ್ನುತ್ತೇವೆ, ಅಲ್ವಾ?

ಕನ್ನಡದಲ್ಲಿ ಅಪರೂಪದವು ನೆಟ್ಟಗಾಗುವ ಬದಲು ಸುಮ್ನೆ ಜಾಗ ಖಾಲಿ ಮಾಡುತ್ತವೆ. ಮೀಯು–ಮಿಂದ ಕರಾವಳಿ ಕಡೆ ಈಗಲೂ ಇದೆ, ಬೆಂಗಳೂರಿನಲ್ಲಿ ‘ಸ್ನಾನ ಮಾಡಿದ’. ‘ಮಾಡು’ ಪಕ್ಕಾ ನೆಟ್ಟಗಿನ ಪದ, ಯಾವುದನ್ನು ತಂದರೂ ಹೊತ್ತುಕೊಳ್ಳುತ್ತದೆ. ಗೂಗಲ್ ಮಾಡಿದ, ಫಾರ್ವರ್ಡ್ ಮಾಡಿದ.

ಹುಡುಗಿಯ ‘ಕೊಡಿದ್ಳು’ ಹದಿನೈದು ದಿನದಲ್ಲಿ ‘ಕೊಟ್ಳು’ ಆಯಿತು. ಮನೆಯಲ್ಲಿ ಅಷ್ಟು ಸಲ ಕೇಳುತ್ತಾಳಲ್ಲ. ಇಂಗ್ಲಿಷ್ ಕೇಳುವುದು ಸ್ಕೂಲಿನಲ್ಲಿ, ಕಾರ್ಟೂನಿನಲ್ಲಿ, ಹಾಗಾಗಿ ಇನ್ನೂ ಅರ್ಧ ದಾರಿಯಲ್ಲಿದ್ದಾಳೆ. ‘ವೆಂಡ್’ಗೆ ಟ್ ಹಚ್ಚಿ ಆದದ್ದು ‘ವೆಂಟ್’ ತಾನೇ? ಅದಕ್ಕೆ ಮತ್ತೊಂದು ಬಾಲ ಹಚ್ಚಿ ನಿನ್ನೆ ಫೋನಿನಲ್ಲಿ ಹೇಳಿದಳು: ‘ಮಾಮಾ, ಐ ವೆಂಟೆಡ್ ಟು ಪಾರ್ಕ್!’