ಎದೆಯಲ್ಲಿ ಪೋರ್ಟ್ ಇದ್ದರೂ ಕೈಗೇ ಸೂಜಿ ಯಾಕೆ?

ಡೊಂಬಿವಲಿಯ ನಮ್ಮ ದೊಡ್ಡಮ್ಮನಿಗೆ ಪರೇಲ್‌ನಲ್ಲಿ ಸಿಟಿ ಸ್ಕ್ಯಾನ್ ಇತ್ತು. ಕಿಮೋ ಕೊಡಲೆಂದು ಎದೆಯ ಚರ್ಮದಡಿ ಪೋರ್ಟ್ ಕೂರಿಸಿದ್ದಾರೆ, ಅಂದರೆ ದೊಡ್ಡ ರಕ್ತನಾಳಕ್ಕೆ ಹೋಗುವ ನಳಿಕೆ ಜೋಡಿಸಿದ ಪುಟ್ಟ ಡಬ್ಬಿ. ಆದರೂ ನರ್ಸ್ ಕೈಯಲ್ಲಿ ನರ ಹುಡುಕತೊಡಗಿದರು. "ಎದೇಲೇ ಇದೆ ಅಲ್ವಾ, ಮತ್ತೆ ಯಾಕಮ್ಮ ಚುಚ್ತೀಯ?" ಎಂದರು ದೊಡ್ಡಮ್ಮ. ಪುಣ್ಯಕ್ಕೆ ನರ್ಸ್ ಉಡುಪಿ ಕಡೆಯವರು. "ಅಮ್ಮಾ, ಪೋರ್ಟಿನ ಕಾರ್ಡ್ ತಂದಿದ್ದೀರಾ?" ಎಂದು ಕೇಳಿದರು. ಅದು ಯಾವ ಬಗೆಯ ಪೋರ್ಟ್ ಎಂದು ಹೇಳುವ ಆ ಕಾರ್ಡ್ ಮನೆಯ ಕಪಾಟಿನಲ್ಲಿತ್ತು.

ಸ್ಕ್ಯಾನ್ ಚಿತ್ರದಲ್ಲಿ ಒಳಗಿನ ಭಾಗಗಳು ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿ ಹನಿ ಹನಿಯಾಗಿ ಹೋದರೆ ರಕ್ತದಲ್ಲಿ ಬೆರೆತು ತೆಳ್ಳಗಾಗುತ್ತದೆ, ಚಿತ್ರ ಮಸುಕಾಗುತ್ತದೆ. ಅದಕ್ಕೇ ಮೆಷಿನ್ ಅದನ್ನು ಜೋರಾಗಿ ತಳ್ಳುತ್ತದೆ. ಸಾಮಾನ್ಯ ಸ್ಕ್ಯಾನ್‌ಗೆ ಸೆಕೆಂಡಿಗೆ 2–3 ಮಿಲಿಲೀಟರ್, ರಕ್ತನಾಳಗಳನ್ನೇ ನೋಡಬೇಕಾದರೆ 4–5.

ಹೃದಯದ ಹತ್ತಿರಕ್ಕೇ ಹೋಗುವ ಕ್ಯಾಥೆಟರ್‌ನಲ್ಲಿ, ಅಂದರೆ ಪೋರ್ಟಿನಂಥವುಗಳ ತೆಳು ನಳಿಕೆಯಲ್ಲಿ, ಇನ್ನೂ ಜೋರಾಗಿ ಹರಿಯಬೇಕಲ್ಲ ಅನಿಸುತ್ತದೆ. ಇಲ್ಲೇ ನಾವು ಎಡವುವುದು. ಕೈಯ ಸೂಜಿ ಮೂರು ಸೆಂಟಿಮೀಟರ್ ಆಸುಪಾಸು. ತೋಳಿನಿಂದ ಎದೆಯವರೆಗೆ ಹೋಗುವ ಪಿಕ್ ಲೈನ್ ಎಂಬ ಕ್ಯಾಥೆಟರ್ 40 ಸೆಂಟಿಮೀಟರ್‌ಗೂ ಜಾಸ್ತಿ ಇರಬಹುದು. ಪೈಪು ಉದ್ದವಾದಷ್ಟೂ ಹರಿವು ಕುಗ್ಗುತ್ತದೆ. ಒಳಗಿನ ಅಗಲವಂತೂ ಇನ್ನೂ ಹಟಮಾರಿ: ಅರ್ಧಕ್ಕಿಳಿದರೆ, ಅದೇ ಒತ್ತಡಕ್ಕೆ ಹರಿವು ಹದಿನಾರನೇ ಒಂದು ಭಾಗಕ್ಕೆ ಬೀಳುತ್ತದೆ. 1840ರ ದಶಕದಲ್ಲಿ ಫ್ರೆಂಚ್ ವೈದ್ಯ ಪ್ವಾಸೆಯ್ ಪ್ರಕಟಿಸಿದ ಲೆಕ್ಕ ಇದು. ಕಾಂಟ್ರಾಸ್ಟೋ, ನೀರಿನಂತಲ್ಲ, ತೆಳು ಜೋನಿಬೆಲ್ಲದಂತೆ. ಜೋನಿಬೆಲ್ಲ ಬಿಸಿಗೆ ಇಳಿಯುವ ಹಾಗೆ ಇದೂ ಮೈ ಬಿಸಿಗೆ ತೆಳ್ಳಗಾಗುತ್ತದೆ. ಹಾಗಾಗಿ ಮೊದಲೇ ಬೆಚ್ಚಗೆ ಮಾಡಿಡುವವರಿದ್ದಾರೆ.

ಇಂಥ ಪೈಪಿನಲ್ಲಿ ಮೆಷಿನ್ ಅದೇ ವೇಗಕ್ಕೆ ಹಟ ಹಿಡಿದರೆ ಒತ್ತಡ ಏರುತ್ತದೆ. ಈ ಕೆಲಸಕ್ಕೆಂದೇ ಮಾಡಿದ ಕ್ಯಾಥೆಟರ್‌ಗಳಿಗೆ ಸಾಮಾನ್ಯವಾಗಿ 300 ಪಿಎಸ್‌ಐ (ಒತ್ತಡದ ಅಳತೆ) ಮಿತಿ ಇಡುತ್ತಾರೆ. ಕಾರಿನ ಟೈರಿಗೆ ಹಾಕುವುದು 30–35 ಪಿಎಸ್‌ಐ ಅಷ್ಟೇ! ಮಾಮೂಲಿ ಕ್ಯಾಥೆಟರ್ ಆದರೆ ಒಡೆಯಬಹುದು, ತುಂಡಾಗಿ ರಕ್ತದೊಂದಿಗೆ ತೇಲಿ ಹೋಗಬಹುದು, ತುದಿ ಜಾಗ ಬಿಟ್ಟು ಸರಿಯಬಹುದು.

ಈ ಒತ್ತಡ ತಡೆದುಕೊಳ್ಳುವ ಪೋರ್ಟ್‌ಗಳೂ ಇವೆ. ಹಲವಕ್ಕೆ ಸೆಕೆಂಡಿಗೆ 5 ಮಿಲಿಲೀಟರ್‌ವರೆಗೆ ಅನುಮತಿ. ಆದರೆ ಚುಚ್ಚುವ ಸೂಜಿಯೂ ಅಂಥದ್ದೇ ಆಗಿರಬೇಕು. ಪಿಕ್ ಲೈನ್ ನೇರಳೆ ಬಣ್ಣದ್ದು, ಹಾಗಾಗಿ ಒತ್ತಡ ತಡೆಯುತ್ತದೆ ಎಂದು ಸುಮ್ನೆ ನಂಬಬಾರದು, ಅದರ ಮೇಲೆ ಅಚ್ಚಾದ ಮಿತಿಯನ್ನು ಓದಬೇಕು. ತುದಿ ಎಲ್ಲಿದೆ ಎಂದು ನೋಡಿ, ರಕ್ತ ವಾಪಸ್ ಬರುತ್ತದೆಯೇ ಎಂದು ಎಳೆದು, ಸಲೈನ್ ಸಲೀಸಾಗಿ ಹೋದ ಮೇಲೆಯೇ ಮೆಷಿನ್ ಜೋಡಿಸುವುದು.

ಕಾರ್ಡ್ ಇಲ್ಲದೆ ಇದ್ಯಾವುದನ್ನೂ ಊಹಿಸಲು ನರ್ಸ್ ಒಪ್ಪಲಿಲ್ಲ. ನನಗೆ ಅದೇ ಸರಿ ಎನಿಸಿತು. ಮೂರನೇ ಸಲಕ್ಕೆ ನರ ಸಿಕ್ಕಿತು. ದೊಡ್ಡಮ್ಮ ಮಾತ್ರ ದಾದರ್ ಬರುವವರೆಗೂ ಗೊಣಗುತ್ತಲೇ ಇದ್ದರು.